ಬಾಲ್ ಪೈಥಾನ್ ಟ್ಯಾಂಕ್‌ನಲ್ಲಿ ಮೂರು ಥರ್ಮಾಮೀಟರ್, ಮೂರು ಲೆಕ್ಕ. ಯಾವುದನ್ನು ನಂಬೋದು?

ಬೋಗಾದಿ ರಿಂಗ್‌ರೋಡ್:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಹೆಣ್ಣು ಬಾಲ್ ಪೈಥಾನ್ (ಆಫ್ರಿಕಾದ ಚಿಕ್ಕ ಹೆಬ್ಬಾವು) ಇದೆ, ಪೂರ್ತಿ ಬೆಳೆದದ್ದು, ಹತ್ತಿರ ಹತ್ತಿರ ನಾಲ್ಕು ಅಡಿ. ಹಳೇ ಮೀನಿನ ಟ್ಯಾಂಕ್‌ಗೆ ಜಾಲರಿ ಮುಚ್ಚಳ ಮಾಡಿಸಿ ಅದರಲ್ಲಿ ಇಟ್ಟಿದ್ದೇನೆ. ಎಡಗಡೆ ಗಾಜಿನ ಕೆಳಗೆ 25 ವ್ಯಾಟ್ ಹೀಟ್ ಮ್ಯಾಟ್, ಅದಕ್ಕೊಂದು ಥರ್ಮೋಸ್ಟಾಟ್ (ಸೆಟ್ ಮಾಡಿದಷ್ಟು ಬಿಸಿಯಾದರೆ ಕರೆಂಟ್ ಕಟ್ ಮಾಡುವ ಪೆಟ್ಟಿಗೆ). ಒಳಗೆ ಮೂರು ಇಂಚು ಕೋಕೋಪೀಟ್ (ತೆಂಗಿನ ನಾರಿನ ಪುಡಿ).

ದೀಪಾವಳಿ ಕಳೆದ ಮೇಲೆ ರಾತ್ರಿ ಚಳಿ ಹಿಡಿಯಿತಲ್ಲ, ಆಗಿನಿಂದ ಟೆಂಪರೇಚರ್ ಮೇಲೆ ಕಣ್ಣಿಟ್ಟಿದ್ದೇನೆ. ಗಾಜಿಗೆ ಅಂಟಿಸಿರುವ ಮುಳ್ಳಿನ ಮೀಟರ್ 27 ಡಿಗ್ರಿ ಅನ್ನುತ್ತದೆ. ವೈರ್ ಇರುವ ಡಿಜಿಟಲ್ ಮೀಟರಿನ ಪ್ರೋಬನ್ನು (ವೈರಿನ ಕೊನೆಯ ಬಿಸಿ ಅಳೆಯುವ ತುದಿ) ಕೋಕೋಪೀಟ್ ಮೇಲೆ ಇಟ್ಟರೆ 30. ಮುಟ್ಟದೆ ದೂರದಿಂದ ಅಳೆಯುವ ಗನ್ ಥರ್ಮಾಮೀಟರ್ ತಗೊಂಡು, ಕೋಕೋಪೀಟ್ ಸರಿಸಿ ತಳದ ಗಾಜಿಗೆ ಹಿಡಿದರೆ 39! ಥರ್ಮೋಸ್ಟಾಟ್ ಸೆಟ್ ಮಾಡಿರುವುದು 32ಕ್ಕೆ.

ಹಾವು ಮಾತ್ರ ಬಲಗಡೆ ನೀರಿನ ಬಟ್ಟಲ ಪಕ್ಕ ಬಿಟ್ಟು ಕದಲುತ್ತಿಲ್ಲ. ಇಲಿ ಕೊಟ್ಟರೆ ಮೂಸಿ ನೋಡಿ ಸುಮ್ಮನಾಗುತ್ತದೆ. ಚಳಿಗೆ ಹೀಗೆ, ಮೇಲಿಂದ ಒಂದು ಸಿರಾಮಿಕ್ ಹೀಟರ್ (ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವುದು) ಹಾಕು ಅಂತ ಫ್ರೆಂಡ್ ಹೇಳುತ್ತಿದ್ದಾನೆ. ತಗೊಳ್ಳಲಾ?

ಕುಕ್ಕರಹಳ್ಳಿ ಏರಿ:

ಈಗಲೇ ಏನೂ ತಗೋಬೇಡಿ. ನಿಮ್ಮ ಮೂರೂ ಮೀಟರ್ ಸರಿಯಾಗೇ ಇರಬಹುದು. ಮೂರೂ ಬೇರೆ ಬೇರೆ ಜಾಗದ ಬಿಸಿ ಹೇಳುತ್ತಿವೆ, ಅಷ್ಟೇ.

ಮುಳ್ಳಿನದು ಹೇಳುತ್ತಿರುವುದು ಗೋಡೆ ಗಾಜು ಮತ್ತು ಅದರ ಪಕ್ಕದ ಗಾಳಿಯ ಬಿಸಿ. ಅಂಥ ಅಂಟಿಸುವ ಮೀಟರ್‌ಗಳಲ್ಲಿ ಒಂದಕ್ಕೊಂದು ತಾಳೆಯಾಗುವುದೇ ಅಪರೂಪ, ಅದನ್ನು ಮರೆತುಬಿಡಿ. ಪ್ರೋಬ್ ಹೇಳುವುದು ಕೋಕೋಪೀಟ್ ಮೇಲ್ಭಾಗದ ಬಿಸಿ. ಗನ್ ಹೇಳಿದ್ದು ತಳದ ಗಾಜಿನದು. ಬಾಲ್ ಪೈಥಾನ್ ಕೋಕೋಪೀಟ್ ಮೇಲೆ ಶಿಸ್ತಾಗಿ ಮಲಗುವ ಪ್ರಾಣಿಯಲ್ಲ. ಮೈಯಿಂದ ಒತ್ತಿ ಒತ್ತಿ ಪಕ್ಕಕ್ಕೆ ತಳ್ಳಿ ನೇರ ಗಾಜಿನ ಮೇಲೆ ಸುತ್ತಿಕೊಳ್ಳುತ್ತದೆ. ಹಾಗಾಗಿ ನಿಮಗೆ ಬೇಕಾದ ನಂಬರ್ 39. ಅದು ಜಾಸ್ತಿ, ತುಂಬಾ ಜಾಸ್ತಿ. ಆ ಜಾಗ 31ರಿಂದ 33ರ ಒಳಗಿರಬೇಕು. ಹಾವು ಚಳಿಗೆ ಮೂಲೆ ಸೇರಿಲ್ಲ ಅನಿಸುತ್ತದೆ, ಬಿಸಿಗೆ ಹೆದರಿ ದೂರ ಹೋಗಿದೆ.

ಥರ್ಮೋಸ್ಟಾಟಿನ ಸೆನ್ಸರ್ ಎಲ್ಲಿಟ್ಟಿದ್ದೀರಿ?

ಬೋಗಾದಿ ರಿಂಗ್‌ರೋಡ್:

ಟ್ಯಾಂಕ್ ಮಧ್ಯದಲ್ಲಿ ಸರ್, ತಳದಿಂದ ಆರು ಇಂಚು ಮೇಲೆ, ಟೇಪ್ ಹಾಕಿ ನೇತುಬಿಟ್ಟಿದ್ದೇನೆ. ಒಳಗಿನ ಒಟ್ಟು ಬಿಸಿ ಗೊತ್ತಾಗಲಿ ಅಂತ.

ಕುಕ್ಕರಹಳ್ಳಿ ಏರಿ:

ಸಿಕ್ಕಿತು ನೋಡಿ. ಒಲೆ ಮೇಲಿನ ಹಾಲು ಉಕ್ಕಿತಾ ಅಂತ ವರಾಂಡದಲ್ಲಿ ಕೂತು ನೋಡಿದ ಹಾಗಾಯಿತು.

ಹೀಟ್ ಮ್ಯಾಟ್ ಗಾಳಿಯನ್ನು ಬಿಸಿ ಮಾಡುವುದು ತೀರಾ ಕಮ್ಮಿ. ತನಗೆ ತಾಗಿರುವ ಗಾಜನ್ನು ಬಿಸಿ ಮಾಡುತ್ತದೆ. ಮೇಲೆ ಜಾಲರಿ ಬೇರೆ, ಇದ್ದ ಬಿಸಿಯೂ ಹೊರಗೆ ಹೋಗುತ್ತದೆ. ಮಧ್ಯದ ಗಾಳಿ ಈ ಚಳಿಯಲ್ಲಿ 32 ಮುಟ್ಟುವುದೇ ಇಲ್ಲ. ಸೆನ್ಸರ್ 'ಇನ್ನೂ ಸಾಲದು, ಸಾಲದು' ಅನ್ನುತ್ತಲೇ ಇರುತ್ತದೆ, ಮ್ಯಾಟ್ ದಿನವಿಡೀ ಉರಿಯುತ್ತಲೇ ಇರುತ್ತದೆ. ನಿಮ್ಮ ಥರ್ಮೋಸ್ಟಾಟ್ ಇದ್ದರೂ ಇಲ್ಲದ ಲೆಕ್ಕ. ಅದು ಕಟ್ ಆಗುವ ಟಕ್ ಶಬ್ದ ಇತ್ತೀಚೆಗೆ ಕೇಳಿದ್ದೀರಾ?

ಮೂರು ಇಂಚು ಕೋಕೋಪೀಟ್ ಇನ್ನೊಂದು ತೊಂದರೆ. ಅದು ಬಿಸಿಯನ್ನು ಮೇಲಕ್ಕೆ ಬಿಡುವುದಿಲ್ಲ, ಗಾಜಿನಲ್ಲೇ ಕೂಡಿಹಾಕುತ್ತದೆ. ಮ್ಯಾಟ್ ಇರುವ ಕಡೆ ಅರ್ಧ ಇಂಚು ಸಾಕು. ಬಲಗಡೆ ಬೇಕಾದಷ್ಟು ಇರಲಿ.

ಸೆನ್ಸರನ್ನು ಟ್ಯಾಂಕ್ ಹೊರಗೆ, ಮ್ಯಾಟ್ ಮತ್ತು ಗಾಜಿನ ನಡುವೆ ಸಿಕ್ಕಿಸಿ. ಒಳಗಿಟ್ಟರೆ ಹಾವು ಎಳೆದು ಹಾಕುತ್ತದೆ. ನೀರಿನ ಬಟ್ಟಲು ಮಗುಚಿ ಸೆನ್ಸರ್ ಒದ್ದೆಯಾದರೂ ಅಷ್ಟೇ, ತಣ್ಣಗಿದೆ ಅಂದುಕೊಂಡು ಮ್ಯಾಟನ್ನು ಇನ್ನೂ ಉರಿಸುತ್ತದೆ. ಹೊರಗಿಟ್ಟಾಗ ಸೆನ್ಸರ್ ಜಾಗಕ್ಕೂ ಒಳಗಿನ ಗಾಜಿಗೂ ಕೆಲವು ಡಿಗ್ರಿ ವ್ಯತ್ಯಾಸ ಬರುತ್ತದೆ. ಥರ್ಮೋಸ್ಟಾಟ್ ಪರದೆ ಮೇಲೆ 35 ಇದ್ದರೂ ಪರವಾಗಿಲ್ಲ, ಒಳಗೆ ಗನ್ನಿಗೆ 32 ಬಂದರೆ ಮುಗಿಯಿತು. ಸೆಟ್ ಮಾಡಿ, ಎರಡು ಮೂರು ಗಂಟೆ ಬಿಟ್ಟು ನೋಡಿ, ಮತ್ತೆ ತಿರುಗಿಸಿ. ಟ್ಯಾಂಕ್ ಕೆಳಗೆ ನಾಲ್ಕು ಮೂಲೆಗೆ ರಬ್ಬರ್ ಬುಷ್ ಇದೆಯಾ? ಗಾಜಿಗೂ ಟೇಬಲ್‌ಗೂ ನಡುವೆ ಗಾಳಿ ಆಡದಿದ್ದರೆ ಮ್ಯಾಟ್ ಒಂದೇ ಕಡೆ ಕಾದು ಗಾಜು ಸೀಳುವುದೂ ಉಂಟು.

ಪ್ರಾಣಿವೈದ್ಯೆ, ಮೈಸೂರು:

ಒಂದು ಮಾತು ಸೇರಿಸುತ್ತೇನೆ. ಆ ಟೇಪನ್ನು ಇವತ್ತೇ ತೆಗೆಯಿರಿ. ಟ್ಯಾಂಕ್ ಒಳಗೆ ಅಂಟುವ ಟೇಪ್ ಯಾವುದೂ ಬೇಡ. ಹಾವಿನ ಮೈಗೆ ಅಂಟಿದರೆ ಕೀಳುವಾಗ ಚರ್ಮವೇ ಕಿತ್ತು ಬರುತ್ತದೆ. ಅಂಟಿದ್ದರೆ ಅಡುಗೆ ಎಣ್ಣೆ ಹಚ್ಚಿ ನಿಧಾನಕ್ಕೆ ಬಿಡಿಸಬೇಕು, ಎಳೆಯಬಾರದು.

ಹೊಟ್ಟೆ ಕಡೆ ಒಂದು ಸಲ ನೋಡಿ. ಹುರುಪೆಗಳು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಕಂದು ಕಲೆ ಅಥವಾ ನೀರುಗುಳ್ಳೆ ಇದ್ದರೆ, ಸುಟ್ಟಿದೆ ಅಂತ ಅರ್ಥ. ಆಗ ಮನೆಮದ್ದು ಮಾಡಬೇಡಿ, ಕರೆದುಕೊಂಡು ಬನ್ನಿ. ಬಾಲ್ ಪೈಥಾನಿಗೆ ತುಟಿಯ ಮೇಲೆ ಬಿಸಿ ಗುರುತಿಸುವ ಕುಳಿಗಳಿವೆ, ಕತ್ತಲಲ್ಲೂ ಇಲಿಯ ಮೈಬಿಸಿ ಕಾಣುತ್ತದೆ. ಹಾಗಿದ್ದೂ ಬಿಸಿ ಗಾಜಿನ ಮೇಲೆ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಕಾದರೆ ತಾನೇ ಎದ್ದು ಹೋಗುತ್ತದೆ ಬಿಡಿ ಅನ್ನುವವರ ಮಾತು ನಂಬಬೇಡಿ.

ಹೆಬ್ಬಾಳ ಇಂಡಸ್ಟ್ರಿಯಲ್:

ಇಷ್ಟೆಲ್ಲಾ ತಲೆನೋವು ಯಾಕೆ ಗುರು? ಮೈಸೂರಿನಲ್ಲಿ ಹೀಟರ್ರೇ ಬೇಡ. ನನ್ನ ಕಾರ್ನ್ ಸ್ನೇಕ್‌ಗೆ ಏನೂ ಹಾಕಿಲ್ಲ, ಗುಂಡುಕಲ್ಲಿನ ಹಾಗಿದೆ. ಆಫ್ರಿಕಾ ಹಾವಿಗೆ ಅಮೆರಿಕದವರು ಹೀಟರ್ ಹಾಕುತ್ತಾರೆ, ಅಲ್ಲಿ ಹಿಮ ಬೀಳುತ್ತದೆ. ನಮ್ಮಲ್ಲಿ ಬೀಳುತ್ತಾ?

ಕುಕ್ಕರಹಳ್ಳಿ ಏರಿ:

ಅರ್ಧ ಒಪ್ಪುತ್ತೇನೆ. ಹೊರದೇಶದ ವಿಡಿಯೋ ನೋಡಿ ನೂರು ವ್ಯಾಟ್ ಬಲ್ಬ್ ಹಾಕುವವರನ್ನು ನೋಡಿದರೆ ನನಗೂ ಸಿಟ್ಟು ಬರುತ್ತದೆ. ಆದರೆ ಕಾರ್ನ್ ಸ್ನೇಕ್ ಲೆಕ್ಕ ಬಾಲ್ ಪೈಥಾನಿಗೆ ಹಾಕಬೇಡಿ. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು, ಅಲ್ಲಿ ಚಳಿಗಾಲ ಇದೆ, ಅದಕ್ಕೆ ಅಭ್ಯಾಸ. ಟ್ಯಾಂಕಿನ ತಣ್ಣನೆ ಕಡೆ (ಹೀಟರ್ ಇಲ್ಲದ ಬದಿ) 22 ಇದ್ದರೂ ನಡೆಯುತ್ತದೆ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲಿನದು, ಹಗಲೆಲ್ಲ ಇಲಿ ಬಿಲ, ಗೆದ್ದಲ ಹುತ್ತದ ಒಳಗೆ ಇರುತ್ತದೆ. ಅಲ್ಲಿ ಬಿಸಿ ಅಷ್ಟಾಗಿ ಏರುಪೇರಾಗುವುದಿಲ್ಲ. ಅದಕ್ಕೆ ತಣ್ಣನೆ ಕಡೆಯೇ 25 ಬೇಕು.

ಡಿಸೆಂಬರ್, ಜನವರಿಯಲ್ಲಿ ಮೈಸೂರಿನ ರಾತ್ರಿ 16ರ ಆಸುಪಾಸಿಗೆ ಇಳಿಯುತ್ತದೆ. ಮನೆ ಒಳಗೆ ಅಷ್ಟು ತಣ್ಣಗಾಗಲ್ಲ ನಿಜ, ಆದರೆ ಕಿಟಕಿ ಪಕ್ಕದ ಗಾಜಿನ ಟ್ಯಾಂಕ್ ಬೆಳಗಿನ ಜಾವ ಎಷ್ಟಿರುತ್ತದೆ ಅಂತ ಒಮ್ಮೆ ಅಳೆದು ಹೇಳಿ. ಕನಿಷ್ಠ, ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಮೀಟರ್ ಸಿಗುತ್ತದೆ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ಸಾಕು, ಎದ್ದು ಕೂರುವ ಕೆಲಸವಿಲ್ಲ.

ಪ್ರಾಣಿವೈದ್ಯೆ, ಮೈಸೂರು:

ಹೆಬ್ಬಾಳದವರೇ, ಹಾವಿಗೆ ತನ್ನದೇ ಮೈಬಿಸಿ ಇಲ್ಲ ಅಲ್ವಾ? ತಿಂದ ಇಲಿ ಕರಗಬೇಕಾದರೆ ಹೊರಗಿನ ಬಿಸಿ ಬೇಕು. ತಿಂದ ಮೇಲೆ ತಣ್ಣಗಾದರೆ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ, ಹಾವು ವಾಪಸ್ ಕಕ್ಕುತ್ತದೆ. ಚಳಿ ಜೊತೆ ಟ್ಯಾಂಕ್ ಒದ್ದೆಯೂ ಇದ್ದರೆ ಉಸಿರಾಟದ ಸೋಂಕು ಶುರುವಾಗುತ್ತದೆ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರು, ಸಿಳ್ಳೆಯಂಥ ಶಬ್ದ. ಅದು ಬಂದರೆ ಔಷಧಿ ಕೊಡುವುದರ ಜೊತೆಗೆ ಮೊದಲು ಸರಿ ಮಾಡಬೇಕಾದದ್ದು ಬಿಸಿಯನ್ನೇ.

ಇನ್ನು ಬೋಗಾದಿಯವರ ಹಾವು ಊಟ ಬಿಟ್ಟಿರುವ ವಿಷಯ. ದೊಡ್ಡ ಬಾಲ್ ಪೈಥಾನ್‌ಗಳು ಈ ತಿಂಗಳುಗಳಲ್ಲಿ ವಾರಗಟ್ಟಲೆ ಊಟ ಬಿಡುವುದು ಮಾಮೂಲಿ. ಎಲ್ಲಾ ತಪ್ಪನ್ನೂ ಮ್ಯಾಟ್ ಮೇಲೆ ಹಾಕಬೇಡಿ. ಅಡುಗೆಮನೆ ತಕ್ಕಡಿ ಮೇಲೆ ಡಬ್ಬದಲ್ಲಿಟ್ಟು ತೂಕ ಬರೆದಿಡಿ. ತೂಕ ನಿಂತಿದ್ದರೆ ಕಾಯಬಹುದು. ಹತ್ತನೇ ಒಂದು ಭಾಗ ಇಳಿದರೆ ತೋರಿಸಿ.

ಹುಳುಮನೆ ಮಂಡ್ಯ:

ನಾನು ಹಾವು ಸಾಕುವವನಲ್ಲ, ರೇಷ್ಮೆ ಹುಳು ಸಾಕುವವನು. ಸೊಸೆ ಮಗ ಇದನ್ನು ತೋರಿಸಿದ. ಬಿಸಿ, ತೇವ ಅಳೆಯುವುದು ನಮ್ಮ ದಿನದ ಕೆಲಸ, ಅದಕ್ಕೆ ಬರೆಯುತ್ತಿದ್ದೇನೆ.

ಚಾಕಿ ಹುಳುವಿಗೆ (ಎಳೆಯ ಮರಿಹುಳು) 27, 28 ಡಿಗ್ರಿ, ಗಾಳಿಯ ತೇವ ಶೇಕಡಾ 85ರ ಮೇಲೆ ಬೇಕು. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಕಳೆದು ಎದ್ದ ಹುಳುವಿಗೆ 24, 25 ಡಿಗ್ರಿ, ತೇವ 70 ಸಾಕು. ಇದರಲ್ಲಿ ಎಡವಿದರೆ ಒಂದು ಬೆಳೆಯೇ ಹೋಯಿತು. ಹಾಗಾಗಿ ನಾವು ಮೀಟರನ್ನೇ ಮೊದಲು ಪರೀಕ್ಷೆ ಮಾಡುತ್ತೇವೆ. ನೀವು ಮೂರು ಮೀಟರ್ ಜಗಳ ಬಿಡಿಸುತ್ತಿದ್ದೀರಿ, ಸರಿ. ಮೂರನ್ನೂ ಒಂದೇ ಕಡೆ ಇಟ್ಟು ನೋಡಿದ್ದೀರಾ?

ಐಸ್ ಕುಟ್ಟಿ ಪುಡಿ ಮಾಡಿ ಲೋಟದ ತುಂಬ ಹಾಕಿ. ಸಂದು ತುಂಬುವಷ್ಟೇ ನೀರು ಬಿಡಿ. ಕಲಕಿ, ಪ್ರೋಬಿನ ತುದಿ ಮಧ್ಯದಲ್ಲಿ ಇಡಿ, ಲೋಟಕ್ಕೆ ತಾಗಬಾರದು. ಎರಡು ಮೂರು ನಿಮಿಷಕ್ಕೆ ಸೊನ್ನೆ ಬರಬೇಕು. ಒಂದೂವರೆ ತೋರಿಸಿದರೆ ಆ ಮೀಟರ್ ಸೊನ್ನೆ ಹತ್ತಿರ ಅಷ್ಟು ಜಾಸ್ತಿ ಹೇಳುತ್ತಿದೆ. ಆದರೆ ಸೊನ್ನೆಯಲ್ಲಿ ಸರಿ ಇದ್ದದ್ದು 32ರಲ್ಲೂ ಸರಿ ಇರಬೇಕೆಂದಿಲ್ಲ. ಅದಕ್ಕೆ ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಪ್ರೋಬನ್ನೂ ಒಟ್ಟಿಗೆ ಇಳಿಬಿಡಿ. ಜ್ವರದ ಥರ್ಮಾಮೀಟರ್ 35ರಿಂದ 40ರ ನಡುವೆ ತುಂಬಾ ನಿಖರ. ಕುದಿಯುವ ನೀರಿನಲ್ಲಿ ಪರೀಕ್ಷೆ ಮಾಡಿ 100 ಬರಲಿಲ್ಲ ಅಂತ ಮೀಟರ್ ಎಸೆಯಬೇಡಿ. ಮೈಸೂರು ಸಮುದ್ರಮಟ್ಟದಿಂದ ಎತ್ತರದಲ್ಲಿದೆ, ನಿಮ್ಮಲ್ಲಿ ನೀರು 97, 98ಕ್ಕೇ ಕುದಿಯುತ್ತದೆ.

ಸರಸ್ವತಿಪುರಂ:

ಹುಳುಮನೆ ಅಣ್ಣ, ತೇವ ಅಳೆಯುವ ಮೀಟರ್ ಪರೀಕ್ಷೆ ಹೇಗೆ? ನನ್ನದು ಮಳೆಗಾಲ, ಬೇಸಿಗೆ ಎರಡರಲ್ಲೂ 55 ತೋರಿಸುತ್ತದೆ. ನನಗೆ ಅನುಮಾನ.

ಹುಳುಮನೆ ಮಂಡ್ಯ:

ಅನುಮಾನ ಸರಿ ಇದೆ ತಾಯಿ. ಒಂದು ಮುಚ್ಚಳಕ್ಕೆ ಪುಡಿ ಉಪ್ಪು ಹಾಕಿ, ಕೆಸರಿನ ಹಾಗೆ ಆಗುವಷ್ಟು ನೀರು ಬಿಡಿ, ಉಪ್ಪು ಪೂರ್ತಿ ಕರಗಬಾರದು. ಆ ಮುಚ್ಚಳ ಮತ್ತು ಮೀಟರ್ ಎರಡನ್ನೂ ಗಾಳಿಯಾಡದ ಡಬ್ಬದಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. ಎಷ್ಟು ಕಮ್ಮಿ ತೋರಿಸುತ್ತದೋ ಬರೆದುಕೊಳ್ಳಿ.

ನಮ್ಮ ಹುಳುಮನೆಯಲ್ಲಿ ಇನ್ನೂ ಒಣ ಬಲ್ಬ್, ಒದ್ದೆ ಬಲ್ಬ್ ಥರ್ಮಾಮೀಟರ್ ಜೋಡಿಯೇ ಇದೆ. ಒಂದರ ತುದಿಗೆ ಒದ್ದೆ ಬತ್ತಿ ಸುತ್ತಿರುತ್ತದೆ. ಒಣದು 26, ಒದ್ದೆಯದು 23 ಇದ್ದರೆ ತೇವ ಸುಮಾರು 78. ಕೋಷ್ಟಕ ಗೋಡೆ ಮೇಲಿದೆ. ಬ್ಯಾಟರಿ ಬೇಡ, ಬತ್ತಿ ಒಣಗದಂತೆ ನೋಡಿಕೊಂಡರೆ ಆಯಿತು.

ವಿಜಯನಗರ ವೈರ್‌ಮ್ಯಾನ್:

ಗನ್ ಬಗ್ಗೆ ನಾನು ಹೇಳುತ್ತೇನೆ, ಪ್ಯಾನೆಲ್ ಬೋರ್ಡ್ ನೋಡಲು ದಿನಾ ಬಳಸುತ್ತೇನೆ. ಕೆಂಪು ಚುಕ್ಕೆ ಬಿದ್ದ ಜಾಗವನ್ನಷ್ಟೇ ಅದು ಅಳೆಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಚುಕ್ಕೆ ಬರೀ ಗುರಿಗೆ. ಗನ್ ಮೇಲೆ 12:1 ಅಂತ ಇದ್ದರೆ, 12 ಇಂಚು ದೂರದಿಂದ ಒಂದು ಇಂಚು ಅಗಲದ ವೃತ್ತದ ಸರಾಸರಿ ಹೇಳುತ್ತದೆ. ಮೂರು ಅಡಿ ದೂರ ನಿಂತರೆ ಮೂರು ಇಂಚು. ಹತ್ತಿರ ಹೋಗಿ ಹಿಡಿಯಿರಿ.

ಟ್ಯಾಂಕಿನ ಗಾಜಿನ ಹೊರಗಿನಿಂದ ಒಳಗಿನ ಹಾವಿಗೆ ಹಿಡಿದರೆ ಬರುವುದು ಗಾಜಿನ ಬಿಸಿ, ಹಾವಿನದಲ್ಲ. ಆ ಕಿರಣ ಗಾಜನ್ನು ದಾಟುವುದಿಲ್ಲ. ಮುಚ್ಚಳ ತೆಗೆದೇ ನೋಡಬೇಕು. ಹೊಳೆಯುವ ಸ್ಟೀಲ್ ಬಟ್ಟಲಿಗೂ ಹಿಡಿಯಬೇಡಿ, ಸೂರಿನ ಬಿಸಿಯೋ ನಿಮ್ಮ ಮುಖದ ಬಿಸಿಯೋ ಅದರಲ್ಲಿ ಕಾಣುತ್ತದೆ. ಅಳೆಯಲೇಬೇಕಾದರೆ ಒಂದು ತುಂಡು ಕಾಗದದ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಆಮೇಲೆ ಕೀಳಿ, ಡಾಕ್ಟರ್ ಮೇಡಂ ಹೇಳಿದ್ದು ನೆನಪಿರಲಿ.

ಕರೆಂಟ್ ವಿಷಯ. ಅಗ್ಗದ ಥರ್ಮೋಸ್ಟಾಟ್‌ಗಳ ಒಳಗೆ ಒಂದು ರಿಲೇ (ತಾನೇ ಆನ್ ಆಫ್ ಆಗುವ ಸ್ವಿಚ್) ಇರುತ್ತದೆ. ಎಸ್‌ಟಿಸಿ-1000 ಥರದ್ದು ತಗೊಂಡು ಎಷ್ಟೋ ಜನ ಹಾಕಿದ್ದಾರೆ, ಕೆಲಸ ಮಾಡುತ್ತದೆ. ಆದರೆ ಯಾವ ರಿಲೇ ಆದರೂ ಸಾವಿರಾರು ಸಲ ಟಕ್ ಟಕ್ ಅಂದ ಮೇಲೆ ಅದರ ಕಾಂಟ್ಯಾಕ್ಟ್ ಬೆಸುಗೆ ಹಿಡಿದ ಹಾಗೆ ಅಂಟಿಕೊಳ್ಳಬಹುದು. ಅಂಟಿದರೆ ಮ್ಯಾಟ್ ಆಫ್ ಆಗುವುದೇ ಇಲ್ಲ. ಅದಕ್ಕೇ ಬೇಕಾದಕ್ಕಿಂತ ದೊಡ್ಡ ಮ್ಯಾಟ್ ಹಾಕಬೇಡಿ. ಥರ್ಮೋಸ್ಟಾಟ್ ಕೆಟ್ಟು ಇಡೀ ದಿನ ಉರಿದರೂ ಹಾವು ಸಾಯದಷ್ಟು ಚಿಕ್ಕದಿರಲಿ. ಆನ್ ಆಗುವ ಬಿಸಿಗೂ ಆಫ್ ಆಗುವ ಬಿಸಿಗೂ ವ್ಯತ್ಯಾಸ ಒಂದು ಡಿಗ್ರಿ ಇಡಿ. ತೀರಾ ಕಮ್ಮಿ ಇಟ್ಟರೆ ರಿಲೇ ಬೇಗ ಸವೆಯುತ್ತದೆ.

ಬಲ್ಬ್ ಅಥವಾ ಸಿರಾಮಿಕ್ ಹೀಟರ್ ಹಾಕುವವರು ಪ್ಲಾಸ್ಟಿಕ್ ಹೋಲ್ಡರ್ ಬಳಸಬೇಡಿ, ಕರಗುತ್ತದೆ. ಪಿಂಗಾಣಿ ಹೋಲ್ಡರ್ ಕೇಳಿ ತಗೊಳ್ಳಿ. ಹಾವು ಸುತ್ತಿಕೊಳ್ಳದ ಹಾಗೆ ಸುತ್ತ ಜಾಲರಿ ಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಟ್ಯಾಂಕ್ ಕೆಳಗೆ ಬೇಡವೇ ಬೇಡ. ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್) ಇಲ್ಲದಿದ್ದರೆ ಹಾವಿನ ನೆಪದಲ್ಲಾದರೂ ಹಾಕಿಸಿ.

ಮಳವಳ್ಳಿ ಹುಡುಗ:

ಅಣ್ಣ, ನಮ್ಮ ಗದ್ದೆಯಲ್ಲಿ ಕೆರೆಹಾವಿನ ಮರಿ ಸಿಕ್ಕಿದೆ. ಅದಕ್ಕೆ ಎಷ್ಟು ಡಿಗ್ರಿ ಇಡಬೇಕು?

ಕುಕ್ಕರಹಳ್ಳಿ ಏರಿ:

ಅದು ಸಿಕ್ಕ ಬದುವಿಗೇ ವಾಪಸ್ ಬಿಡಪ್ಪ, ಇವತ್ತೇ. ಕೆರೆಹಾವು, ಹೆಬ್ಬಾವು, ಮಣ್ಣುಮುಕ್ಕ, ಹಸಿರುಹಾವು ಯಾವುದನ್ನೂ ಮನೆಯಲ್ಲಿ ಇಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹಾವು ನೋಡುವ ಆಸೆ ಇದ್ದರೆ ಮೈಸೂರು ಮೃಗಾಲಯದ ಹಾವಿನ ಮನೆಗೆ ಬಾ.

ಹೊರದೇಶದ ಹಾವು ಇರುವವರೂ ಕೇಳಿ. ಬಾಲ್ ಪೈಥಾನ್, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ತಗೊಳ್ಳುವಾಗಲೇ ಕಾಗದ ಕೇಳಿ. ಕಾಗದ ಇಲ್ಲ, ಅದಕ್ಕೇ ಕಮ್ಮಿ ರೇಟು ಅನ್ನುವವರಿಂದ ದೂರ ಇರಿ.

ಸರಸ್ವತಿಪುರಂ:

ಎಲ್ಲರೂ ಚಳಿ ಮಾತಾಡುತ್ತಿದ್ದೀರಿ. ನನಗೆ ಭಯ ಏಪ್ರಿಲ್ ತಿಂಗಳದ್ದು. ನಮ್ಮದು ಮೇಲಿನ ಮಹಡಿ, ತಾರಸಿ ಕಾದರೆ ಮಧ್ಯರಾತ್ರಿವರೆಗೂ ಕೋಣೆ ಕುದಿಯುತ್ತದೆ. ಹೋದ ವರ್ಷ ಹೀಟರ್ ಆಫ್ ಇದ್ದರೂ ತಣ್ಣನೆ ಕಡೆಯೇ 33 ಇತ್ತು.

ಕುಕ್ಕರಹಳ್ಳಿ ಏರಿ:

ನನ್ನ ಪ್ರಕಾರ ನಮ್ಮೂರಿನಲ್ಲಿ ದೊಡ್ಡ ಅಪಾಯ ಅದೇ ಮೇಡಂ. ತಂಪಿಗೆ ಹಾವು ಒಂದೆರಡು ರಾತ್ರಿ ತಡೆದುಕೊಳ್ಳುತ್ತದೆ. 38, 40ರಲ್ಲಿ ಓಡಿಹೋಗಲು ಜಾಗ ಇಲ್ಲದಿದ್ದರೆ ಕೆಲವೇ ಗಂಟೆ. ತಣ್ಣನೆ ಕಡೆ ಅನ್ನುವುದು ತಣ್ಣಗೇ ಇರಬೇಕು, ಇಲ್ಲದಿದ್ದರೆ ಎರಡು ಕಡೆ ಇದ್ದೂ ಪ್ರಯೋಜನವಿಲ್ಲ.

ಮಾರ್ಚ್ ಬಂದ ಕೂಡಲೇ ಟ್ಯಾಂಕನ್ನು ಕೆಳಗಿನ ಮನೆಗೆ ಅಥವಾ ಉತ್ತರದ ಗೋಡೆ ಕಡೆಗೆ ಸಾಗಿಸಿ. ಮಧ್ಯಾಹ್ನ ನೀರಿನ ಬಾಟಲಿಯನ್ನು ಐಸ್ ಮಾಡಿ, ಟವೆಲ್ ಸುತ್ತಿ, ತಣ್ಣನೆ ಕಡೆ ಜಾಲರಿ ಮೇಲೆ ಇಡಿ. ತಂಪು ಗಾಳಿ ಕೆಳಗಿಳಿಯುತ್ತದೆ. ಒಳಗೆ ಇಡಬೇಡಿ. ನೀರಿನ ಬಟ್ಟಲು ಹಾವು ಪೂರ್ತಿ ಮುಳುಗುವಷ್ಟು ದೊಡ್ಡದಿರಲಿ. ಹಗಲೆಲ್ಲ ನೀರಿನಲ್ಲೇ ಕೂತಿದ್ದರೆ ಒಂದೋ ಬಿಸಿ ಜಾಸ್ತಿ, ಇಲ್ಲವೋ ರಕ್ತ ಹೀರುವ ಉಣ್ಣೆ ಹುಳ ಹಿಡಿದಿದೆ. ಎರಡನ್ನೂ ನೋಡಿ.

ಹುಳುಮನೆ ಮಂಡ್ಯ:

ಬೇಸಿಗೆಯಲ್ಲಿ ನಾವು ಕಿಟಕಿಗೆ ಗೋಣಿತಾಟು ಇಳಿಬಿಟ್ಟು ನೀರು ಚಿಮುಕಿಸುತ್ತೇವೆ. ಒಣ ಗಾಳಿ ಇದ್ದಾಗ ಒಳಗೆ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಮಳೆಗಾಲ ಹಿಡಿದ ಮೇಲೆ ಗೋಣಿ ಹಾಕಿದರೆ ಬರೀ ಬೂಷ್ಟು, ತಂಪಾಗುವುದಿಲ್ಲ.

ಬೋಗಾದಿ ರಿಂಗ್‌ರೋಡ್:

ಎಲ್ಲರಿಗೂ ಥ್ಯಾಂಕ್ಸ್. ಸೆನ್ಸರ್ ಗಾಜಿನ ಕೆಳಗೆ ಹೋಯಿತು. ಮ್ಯಾಟ್ ಕಡೆ ಕೋಕೋಪೀಟ್ ತೆಳ್ಳಗೆ ಮಾಡಿದೆ. ಪರದೆ ಮೇಲೆ 34 ಇಟ್ಟರೆ ಒಳಗೆ ಗಾಜು 32 ಬರುತ್ತಿದೆ, ಈಗ ಟಕ್ ಶಬ್ದ ಚೆನ್ನಾಗಿ ಕೇಳುತ್ತಿದೆ. ಐಸ್ ಪರೀಕ್ಷೆಯಲ್ಲಿ ಡಿಜಿಟಲ್ ಮೀಟರ್ ಅರ್ಧ ಡಿಗ್ರಿ ಜಾಸ್ತಿ ಹೇಳಿತು, ಅಷ್ಟೇ. ಮುಳ್ಳಿನದು ಕಿತ್ತು ಹಾಕಿದೆ. ಹೊಟ್ಟೆ ಮೇಲೆ ಕಲೆ ಇಲ್ಲ. ರಾತ್ರಿ ಎಡಗಡೆ ಅಡಗಿಕೊಳ್ಳಲು ಇಟ್ಟಿರುವ ಗುಡಿಸಲಿನ ಒಳಗೆ ಹೋಗಿ ಮಲಗುತ್ತಿದೆ. ಊಟ ಇನ್ನೂ ಇಲ್ಲ, ತೂಕ ಹಾಗೇ ಇದೆ.

ಆದರೆ ಬಲಗಡೆ ಬೆಳಗಿನ ಜಾವ 22ಕ್ಕೆ ಇಳಿಯುತ್ತಿದೆ. ಮತ್ತೆ, ಕರೆಂಟ್ ಹೋದಾಗ?

ಕುಕ್ಕರಹಳ್ಳಿ ಏರಿ:

22ಕ್ಕೆ ಹೀಟರ್ ತರಬೇಡಿ. ಹಿಂದೆ ಮತ್ತು ಎರಡು ಪಕ್ಕ ಹೊರಗಿನಿಂದ ಥರ್ಮೋಕೋಲ್ ಹಾಳೆ ಕಟ್ಟಿ. ಜಾಲರಿಯ ಮುಕ್ಕಾಲು ಭಾಗ ಮುಚ್ಚಿ, ಗಾಳಿಗೆ ಒಂದು ಮೂಲೆ ಬಿಡಿ. ಟೆಂಪರೇಚರ್, ತೇವ ಎರಡೂ ನಿಲ್ಲುತ್ತವೆ. ಅಷ್ಟಾದರೂ 24 ದಾಟದಿದ್ದರೆ ಆಗ ಚಿಕ್ಕ ಸಿರಾಮಿಕ್ ಹೀಟರ್ ಮಾತಾಡೋಣ, ಅದಕ್ಕೆ ಬೇರೆಯದೇ ಥರ್ಮೋಸ್ಟಾಟ್.

ವಿಜಯನಗರ ವೈರ್‌ಮ್ಯಾನ್:

25 ವ್ಯಾಟ್ ಮ್ಯಾಟ್ ಮನೆಯ ಇನ್ವರ್ಟರಿನಲ್ಲಿ ಆರಾಮಾಗಿ ಓಡುತ್ತದೆ, ಇಡೀ ದಿನ ಉರಿದರೂ ಅರ್ಧ ಯೂನಿಟ್ ಚಿಲ್ಲರೆ. ಡಿಮ್ಮರ್ ಥರದ (ಪೂರ್ತಿ ಕಟ್ ಮಾಡದೆ ಕರೆಂಟನ್ನು ಏರಿಸಿ ಇಳಿಸುವ) ಥರ್ಮೋಸ್ಟಾಟ್ ಇದ್ದರೆ ಮಾತ್ರ ಸ್ಕ್ವೇರ್ ವೇವ್ ಇನ್ವರ್ಟರಿಗೆ ಹಾಕಬೇಡಿ. ಇನ್ವರ್ಟರ್ ಇಲ್ಲದವರು ಟ್ಯಾಂಕಿಗೆ ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಗಾಜಿಗೆ ಹೊರಗಿನಿಂದ ಒರಗಿಸಿ. ಒಂದೆರಡು ಗಂಟೆ ಹೋದರೆ ಅದೂ ಬೇಡ.

ಹುಳುಮನೆ ಮಂಡ್ಯ:

ವೈರ್‌ಮ್ಯಾನ್ ಅಣ್ಣ, ಆ ಗನ್ನು ನಮ್ಮ ಹುಳುವಿನ ಹಾಸಿಗೆಗೂ ಆಗುತ್ತಾ? ಥರ್ಮಾಮೀಟರ್ ಗೋಡೆ ಮೇಲಿದೆ, ಹುಳು ಇರುವುದು ತಟ್ಟೆಯಲ್ಲಿ.

ವಿಜಯನಗರ ವೈರ್‌ಮ್ಯಾನ್:

ಆಗುತ್ತದೆ. ಸೊಪ್ಪಿನ ಮೇಲೆ ಸರಿಯಾಗೇ ತೋರಿಸುತ್ತದೆ. ಸೊಪ್ಪು ಒದ್ದೆ ಇದ್ದರೆ ಗೋಡೆಗಿಂತ ಎರಡು ಮೂರು ಡಿಗ್ರಿ ಕಮ್ಮಿ ಬರಬಹುದು. ಅದು ಗನ್ನಿನ ತಪ್ಪಲ್ಲ, ನೀರು ಆರುವಾಗ ಎಲೆ ನಿಜವಾಗಲೂ ತಣ್ಣಗಾಗಿರುತ್ತದೆ. ಮೊದಲು ನಿಮ್ಮ ಒದ್ದೆ ಬಲ್ಬಿನ ಬತ್ತಿಗೆ ಹತ್ತಿರದಿಂದ ಹಿಡಿದು ನೋಡಿ, ಎರಡೂ ತಾಳೆಯಾದರೆ ಗನ್ ಸರಿ ಇದೆ.